ಮೊಳೆ ಹೊಡೆದ ಕಿಟಕಿ

ನಮ್ಮ ತವರುಮನೆಯ ಬೀದಿ ಕಡೆಯ ಕಿಟಕಿ ಈಗ ಪ್ರಸಿದ್ಧ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಮೈಸೂರಿನ ಕಾರುಗಳು ದಾರಿ ಬಳಸಿಕೊಂಡು ನಮ್ಮೂರಿಗೆ ಬರುತ್ತವೆ. ಬಂದವರು ದೇವಸ್ಥಾನಕ್ಕೆ ಒಂದು ಸುತ್ತು ಹಾಕಿ, ಆಮೇಲೆ ನಮ್ಮ ಕಿಟಕಿಯ ಪಕ್ಕ ಗಲ್ಲಕ್ಕೆ ಕೈಕೊಟ್ಟು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. "ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೀರಿ!" ಎಂದು ನಮ್ಮಣ್ಣನನ್ನು ಹೊಗಳುತ್ತಾರೆ. ಅವನು ಹಲ್ಲು ಕಿರಿಯುತ್ತಾನೆ. ಆ ಕಿಟಕಿ ಯಾಕೆ ಯಾವಾಗಲೂ ಮುಚ್ಚಿಕೊಂಡೇ ಇರುತ್ತದೆ ಎಂದು ಒಬ್ಬರಾದರೂ ಕೇಳಿದ್ದು ನನಗೆ ಗೊತ್ತಿಲ್ಲ.

ಕೇಳಿದ್ದರೆ ನಾನೇ ಹೇಳುತ್ತಿದ್ದೆ. ಅದಕ್ಕೆ ಮೊಳೆ ಹೊಡೆದಿದೆ. ಹೊಡೆದವನು ನಮ್ಮಪ್ಪ. ಬೀದಿ ದೇವಸ್ಥಾನದ ಹತ್ತಿರ ತಿರುಗುವುದರಿಂದ ಆ ಕಿಟಕಿ ತೆಗೆದರೆ ಪಕ್ಕದ ಮನೆಯ ಜಗಲಿ ಕಾಣುತ್ತಿತ್ತು. ಜಗಲಿಯ ಮೇಲೆ ಅವನ ತಮ್ಮ ಕೂತಿರುತ್ತಿದ್ದ. ತಮ್ಮನ ಮುಖ ನೋಡಬಾರದು ಅಂತ ಅಣ್ಣ ಮೊಳೆ ಹೊಡೆದ. ಇದು ನಮ್ಮ ಮನೆತನದ ಪರಂಪರೆ.

ನಮ್ಮೂರು ತೆರಕಣಾಂಬಿ ಹೋಬಳಿಯಲ್ಲಿದೆ. ಊರಿನ ನಡುವೆ ಹಳೆಯ ಕಲ್ಲಿನ ದೇವಸ್ಥಾನ. ಅದರ ಮುಂದೆ ಪುರಾತತ್ವ ಇಲಾಖೆಯವರ ಬೋರ್ಡು. ಸುತ್ತಲಿನ ಮನೆಗಳ ಮುಖ ಹೇಗಿತ್ತೋ ಹಾಗೇ ಇರಬೇಕು, ಕೇಳದೆ ಏನನ್ನೂ ಕೀಳಬಾರದು, ಕಟ್ಟಬಾರದು ಎಂದು ಅದರಲ್ಲಿ ಬರೆದಿದೆ. ಊರಿನವರು ಅದಕ್ಕೆ ಎಮ್ಮೆ ಕಟ್ಟುತ್ತಾರೆ.

ಅಪ್ಪ, ಚಿಕ್ಕಪ್ಪ ಭಾಗವಾದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಹಳೆಯ ಮನೆ ಅಪ್ಪನಿಗೆ ಬಂತು. ಪಕ್ಕದ ಕೊಟ್ಟಿಗೆಯ ಜಾಗ ಚಿಕ್ಕಪ್ಪನಿಗೆ ಹೋಯಿತು. ಹೊಲ, ಗದ್ದೆ, ಮನೆ ಎಲ್ಲ ಜಗಳವಿಲ್ಲದೆ ಹಂಚಿಕೊಂಡವರು ಕೊನೆಗೆ ಸ್ನಾನದ ನೀರು ಕಾಯಿಸುವ ಒಂದು ತಾಮ್ರದ ಹಂಡೆಗಾಗಿ ಕೈ ಕೈ ಮಿಲಾಯಿಸಿದರು. ಹಂಡೆ ನೆಗ್ಗಿತು. ನೆಗ್ಗಿದ್ದು ಯಾರಿಗೂ ಬೇಡವಾಯಿತು. ಅಷ್ಟಕ್ಕೆ ಸುಮ್ಮನಾಗಿದ್ದರೆ ಗಂಡಸರು ಹೇಗಾದಾರು? ದೇವಸ್ಥಾನದ ಮುಂದೆ ಕರ್ಪೂರ ಹಚ್ಚಿ ಇಬ್ಬರೂ ಆಣೆ ಇಟ್ಟರು.

"ನಾನಾಗ್ಲಿ ನನ್ ಮನೇರಾಗ್ಲಿ ನಿನ್ ಹೊಸ್ಲು ತುಳುದ್ರೆ ನಮ್ ವಂಸ ನಿರ್ವಂಸ ಆಗೋಗ್ಲಿ" ಅಂತ ಅಪ್ಪ ಅಂದ. ಚಿಕ್ಕಪ್ಪನೂ ಅದನ್ನೇ ಅಂದ. ಆಣೆಯಲ್ಲೂ ಅಣ್ಣನಿಗಿಂತ ಹಿಂದೆ ಬೀಳಬಾರದಲ್ಲ.

ಇಬ್ಬರೂ ಈಗಿಲ್ಲ. ಮೊದಲು ಹೋದವನು ಚಿಕ್ಕಪ್ಪ. ಆವತ್ತು ಅಪ್ಪ ಒಳಗೆ ಹೋಗದೆ ಬೀದಿಯಲ್ಲೇ ನಿಂತಿದ್ದು, ತಮ್ಮನನ್ನು ಹೊರಗೆ ತಂದ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾ ಹೆಗಲು ಕೊಟ್ಟ. ಅಳುವುದಕ್ಕೆ ಆಣೆ ಅಡ್ಡ ಬರಲಿಲ್ಲ, ಹೊಸಿಲಿಗೆ ಮಾತ್ರ ಬಂತು. ಎರಡು ವರ್ಷಕ್ಕೆ ಅಪ್ಪನೂ ಹೋದ. ಇಟ್ಟವರಿಬ್ಬರೂ ಮಣ್ಣಾದರು, ಆಣೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಇಟ್ಟವರೇ ಇಲ್ಲದ ಮೇಲೆ ಅದನ್ನು ಬಿಡಿಸುವವರು ಯಾರು? ವಂಶದ ಮಾತು ಬಂದಿರುವುದರಿಂದ ಅವ್ವನಿಗೆ ಮೊಮ್ಮಕ್ಕಳ ಭಯ. ನಮ್ಮಣ್ಣನಿಗೆ ಭಯವೇನೂ ಇಲ್ಲ, ಅಪ್ಪನ ಮಾತು ಉಳಿಸುತ್ತಿದ್ದೇನೆ ಎಂಬ ಜಂಬ.

ಗಂಡಸರು ಚಾಪೆ ಕೆಳಗೆ ತೂರಿದರೆ ಹೆಂಗಸರು ರಂಗೋಲಿ ಕೆಳಗೆ ತೂರಿದರು. ಕೊಟ್ಟಿಗೆಯ ಜಾಗದಲ್ಲಿ ಚಿಕ್ಕಪ್ಪ ಮನೆ ಕಟ್ಟಿಸುವಾಗ, ವಾಸ್ತು ಹೇಳುವವನಿಗೆ ಏನು ಹೇಳಿ ಒಪ್ಪಿಸಿದಳೋ, ಚಿಕ್ಕವ್ವ ತನ್ನ ಅಡುಗೆಮನೆಯನ್ನು ನಮ್ಮ ಅಡುಗೆಮನೆಗೆ ಎದುರಾಗಿಯೇ ಕಟ್ಟಿಸಿಕೊಂಡಳು. ನಡುವೆ ಒಂದು ತೋಳಿನಷ್ಟು ಅಗಲದ ಸಂದಿ. ಈಚೆ ಒಂದು ಕಿಟಕಿ, ಆಚೆ ಒಂದು ಕಿಟಕಿ. ನಮ್ಮ ಕಿಟಕಿಯಲ್ಲಿ ಒಂದು ಸರಳು ಕಿತ್ತುಹೋಗಿತ್ತು. ಅದನ್ನು ಹಾಕಿಸಬೇಕೆಂದು ಅಪ್ಪ ಅಂದಾಗಲೆಲ್ಲ ಅವ್ವನಿಗೆ ಬೇರೆ ಏನೋ ಅವಸರದ ಕೆಲಸ ನೆನಪಾಗುತ್ತಿತ್ತು. ಚಿಕ್ಕವ್ವನ ಕಿಟಕಿಯಲ್ಲೂ ಕೆಲವೇ ತಿಂಗಳಲ್ಲಿ ಒಂದು ಸರಳು ಕಿತ್ತುಹೋಯಿತು. ಹೇಗೆ ಹೋಯಿತೆಂದು ಕೇಳಬೇಡಿ.

ಆ ಸಂದಿಯಲ್ಲಿ ಏನೇನು ಹೋಗಿ ಬಂದಿಲ್ಲ! ಸಾರು, ಪಲ್ಯ, ಕರಿಬೇವು, ಗಂಡಂದಿರ ಮೇಲಿನ ದೂರು. ನನಗೆ ದಡಾರ ಎದ್ದಾಗ ಚಿಕ್ಕವ್ವ ಬೇವಿನ ಸೊಪ್ಪು ಕೊಟ್ಟಿದ್ದು ಅಲ್ಲಿಂದಲೇ. ಅವಳಿಗೆ ಮಗಳು ಹುಟ್ಟಿದಾಗ ತೊಟ್ಟಿಲು ಶಾಸ್ತ್ರಕ್ಕೆ ಅವ್ವ ಹೋಗುವ ಹಾಗಿರಲಿಲ್ಲ. ಚಿಕ್ಕವ್ವ ಬಟ್ಟೆಯಲ್ಲಿ ಸುತ್ತಿದ ಮಗುವನ್ನೇ ಸರಳಿಲ್ಲದ ಕಡೆಯಿಂದ ದಾಟಿಸಿದಳು. ಅವ್ವ ಕೆನ್ನೆಗೆ ಬೊಟ್ಟಿಟ್ಟು, ಮುದ್ದು ಮಾಡಿ, ಅಪ್ಪ ಹೊಲದಿಂದ ಬರುವುದರೊಳಗೆ ವಾಪಸು ಕೊಟ್ಟಳು.

"ಆಣೆಗೀಣೆ ತಟ್ಟಲ್ವಾ ಅವ್ವ?" ಅಂತ ನಾನು ಆಗ ಕೇಳಿದ್ದೆ.

"ಆಣೆ ಇಟ್ಟೋರು ಹೊಸ್ಲಿಗೆ ಇಟ್ಟವ್ರೆ. ಕಿಟ್ಕಿಗ್ ಎಲ್ಲದೆ ಹೊಸ್ಲು?" ಅಂದಳು.

ಹೆಪ್ಪಿಗೂ ಇದೇ ಲೆಕ್ಕ. ನಮ್ಮ ಕಡೆ ಮುಸ್ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಹಾಲಿಗೆ ಹಾಕುವ ಹೆಪ್ಪು ಇವನ್ನು ಯಾರಿಗೂ ಕೊಡುವುದಿಲ್ಲ. ಅವು ಹೊಸಿಲು ದಾಟಿದರೆ ಕೊಟ್ಟವರ ಮನೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ. ಆದರೆ ಹೆಪ್ಪು ಬೇಕಾಗುವುದು ಹಾಲು ಕರೆದು ಕಾಯಿಸಿದ ಮೇಲೆ, ಅಂದರೆ ದೀಪ ಹಚ್ಚಿದ ಮೇಲೆಯೇ. ಈ ಶಾಸ್ತ್ರ ಮಾಡಿದವನು ಒಂದು ದಿನವೂ ಹಾಲಿಗೆ ಹೆಪ್ಪು ಹಾಕಿದವನಲ್ಲ. ಅವ್ವ, ಚಿಕ್ಕವ್ವ ಅದನ್ನೂ ಕಿಟಕಿಯಲ್ಲೇ ದಾಟಿಸಿದರು. ನಮ್ಮಜ್ಜಿಯ ಕಾಲದ ಹೆಪ್ಪು ಹೀಗೆ ಎರಡು ಮನೆಯಲ್ಲೂ ಸಾಯದೆ ನಡೆದುಕೊಂಡು ಬಂತು. ಒಂದು ಮನೆಯಲ್ಲಿ ಕೆಟ್ಟರೆ ಇನ್ನೊಂದು ಮನೆಯಿಂದ ಬರುತ್ತಿತ್ತು.

ಹೀಗಿರುವಾಗ ನಮ್ಮಣ್ಣ ಗುಂಡ್ಲುಪೇಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿ ಬಂದ.

ಆ ಮನೆಯಲ್ಲಿ ಬಿಳಿಯ ಪ್ಲಾಸ್ಟಿಕ್ಕಿನ ಜಾರುವ ಕಿಟಕಿಗಳು. ಊಟಕ್ಕೆ ಕೂರುವುದು ಬಿಟ್ಟು ನಮ್ಮಣ್ಣ ಒಂದು ಕಿಟಕಿಯ ಮುಂದೆ ನಿಂತು ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳುತ್ತಿದ್ದ. ನಾನೂ ಅಲ್ಲಿದ್ದೆ. ಮೊಮ್ಮಗಳು ಕಂಡಿರುವ ಗಂಡಸು!

"ಒಂದ್ ಬೆರಳಲ್ಲಿ ತಳ್ಳುದ್ರೆ ಸಾಕು ಕಣಮ್ಮಿ, ಬೆಣ್ಣೆ ಜಾರ್ದಂಗೆ ಜಾರ್ತದೆ" ಅಂದ.

"ನಮ್ಮನೆ ಕಿಟಕಿಗೇನಾಗಿದೆ? ಹೊನ್ನೆ ಮರದ್ದು. ನಿನ್ನ ಮೊಮ್ಮಗಳ ಕಾಲಕ್ಕೂ ಇರುತ್ತೆ" ಅಂದೆ.

"ಬಂದೋರು ಏನಂದ್ಕೊಂಡಾರು? ಅಳೇ ಮನೆ ಅಂತಾರೆ."

ಹಳೆಯ ಮನೆಯನ್ನು ಹಳೆಯ ಮನೆ ಎಂದರೆ ಅವನಿಗೆ ಅವಮಾನ. ನಾನು ಚಾಮರಾಜನಗರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಒಳಗಿನ ಹೊಲಿಗೆ ಹೇಗಾದರೂ ಇರಲಿ ಮೇಲೆ ಜರಿ ಹೊಳೆಯಬೇಕು ಎನ್ನುವ ಗಿರಾಕಿಗಳನ್ನು ದಿನಾ ನೋಡುತ್ತೇನೆ. ಒಡಹುಟ್ಟಿದವನೂ ಅದೇ ಜಾತಿ ಎಂದು ಆವತ್ತು ಖಾತ್ರಿಯಾಯಿತು.

ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಚಾಮರಾಜನಗರದ ನನ್ನ ಮನೆಗೆ ಕರೆದುಕೊಂಡು ಬಂದು ಆಪರೇಷನ್ ಮಾಡಿಸಿದೆ. ಅಣ್ಣ ಕಾಯುತ್ತಿದ್ದದ್ದು ಅದಕ್ಕೇ. ಅವ್ವ ಊರಲ್ಲಿದ್ದರೆ ಕಿಟಕಿಗೆ ಕೈ ಹಾಕಲು ಬಿಡುವವಳಲ್ಲ. ಅವಳು ಇಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಾಗ ಅಲ್ಲಿ ಗುಂಡ್ಲುಪೇಟೆಯಿಂದ ಕೆಲಸದವರು ಬಂದರು. ಮೊದಲು ಕಿತ್ತಿದ್ದೇ ಅಡುಗೆಮನೆಯ ಕಿಟಕಿ. ಅಲ್ಲಿ ಅಣ್ಣ ಹೊಸ ನಮೂನೆಯ ಕಿಚನ್ ಮಾಡಿಸುತ್ತಿದ್ದ. ಹೊಗೆ ಎಳೆಯಲು ಚಿಮಣಿ ಇಟ್ಟ ಮೇಲೆ ತೆರೆಯುವ ಕಿಟಕಿ ಯಾಕೆ ಅಂತ ಯಾರೋ ಅಂದರಂತೆ. ಒಂದೇ ಹಾಳೆಯ ಗಾಜು ಕೂರಿಸಿಬಿಟ್ಟರು. ತೆಗೆಯಲೂ ಆಗದು, ಜಾರಿಸಲೂ ಆಗದು. ಬೆಣ್ಣೆಯಂತೆ ಜಾರಬೇಕೆಂದು ಆಸೆಪಟ್ಟವನಿಗೆ ಸಿಕ್ಕಿದ್ದು ಇದು.

ಆಮೇಲೆ ಮಲಗುವ ಕೋಣೆಗಳದು. ಕೊನೆಗೆ ಬೀದಿ ಕಡೆಯ, ಅಪ್ಪ ಮೊಳೆ ಹೊಡೆದ ಕಿಟಕಿಯ ಚೌಕಟ್ಟಿಗೆ ಹಾರೆ ಇಡುವ ಹೊತ್ತಿಗೆ ದೇವಸ್ಥಾನದ ಮುಂದೆ ಜೀಪು ನಿಂತಿತು.

ಇಳಿದು ಬಂದ ಇಲಾಖೆಯ ಸಾಹೇಬರು ಎಂದೂ ಬಾರದವರು. ಗೋಪುರದ ಮೇಲೆ ಗಿಡ ಬೆಳೆದು ಕಲ್ಲು ಬಾಯಿ ಬಿಟ್ಟಿದೆ ಎಂದು ಊರವರು ಹೇಳಿ ಹೇಳಿ ಸೋತರೂ ಬಂದಿರಲಿಲ್ಲ. ಆವತ್ತು ಮನೆಯವರನ್ನೆಲ್ಲ ಕರೆದುಕೊಂಡು ಬೆಟ್ಟಕ್ಕೆ ಹೊರಟಿದ್ದವರು ಹಾಗೇ ಇಳಿದರಂತೆ. ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ನೋಡಿದರು. ಅಲ್ಲಿಂದ ಕಾಣುವುದು ಬೀದಿ ಕಿಟಕಿ ಒಂದೇ.

"ಎಂಥ ಕೆತ್ತನೆ! ಇದು ನಮ್ಮ ಪರಂಪರೆ. ಇದನ್ನು ಮುಟ್ಟುವ ಹಾಗಿಲ್ಲ" ಅಂದರು.

ಒಳಗೆ ಕಿತ್ತು ಹಾಕಿದ್ದ ಹೊನ್ನೆ ಮರದ ಚೌಕಟ್ಟುಗಳು ಹಿತ್ತಲಲ್ಲಿ ರಾಶಿ ಬಿದ್ದಿದ್ದವು. ಅವು ಮೆಟ್ಟಿಲಿನಿಂದ ಕಾಣುವುದಿಲ್ಲವಾದ್ದರಿಂದ ಪರಂಪರೆ ಅಲ್ಲ. ಇನ್ನು ಮೇಲೆ ಈ ಮನೆಯ ಯಾವ ಕಿಟಕಿಯನ್ನೂ ಬದಲಾಯಿಸುವುದಿಲ್ಲ ಎಂದು ಅಣ್ಣನಿಂದ ಬರೆಸಿಕೊಂಡು, ಕಾಫಿ ಕುಡಿದು, ಆ ಕಿಟಕಿಯ ಮುಂದೆ ತಮ್ಮ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆದು ಹೋದರು. ಮೊದಲ ಫೋಟೊ ಅವರದೇ.

ಅವ್ವನನ್ನು ನಾನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಹೊಸ ಕಣ್ಣಲ್ಲಿ ಬೋರ್ಡಿನ ಅಕ್ಷರ ಎಣಿಸಿಕೊಂಡು ಬಂದವಳು, ಮನೆಗೆ ಬಂದು ಕಾಲು ತೊಳೆದು ನೆಟ್ಟಗೆ ಅಡುಗೆಮನೆಗೆ ಹೋದಳು. ಅಲ್ಲೇ ನಿಂತಳು. ಎದುರಿಗೆ ಗಾಜು. ಆಚೆ ಚಿಕ್ಕವ್ವನ ಕಿಟಕಿ ಮುಚ್ಚಿತ್ತು. ಕಣ್ಣು ಬಂತು, ಕಿಟಕಿ ಹೋಯಿತು.

ಅವ್ವ ಸೌಟು ತೆಗೆದುಕೊಂಡು ಗಾಜಿಗೆ ಬಡಿದಳು. ಚಿಕ್ಕವ್ವನ ಕಿಟಕಿಯ ಕದ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಬಡಿದಳು.

"ಒಡೆದೋಯ್ತದೆ ಕಣವ್ವ!" ಅಂತ ಅಣ್ಣ ಓಡಿ ಬಂದ. "ನೋಡಕೆ ಎಲ್ಲಾ ಕಾಣ್ತದಲ್ಲ. ಅದ್ಕೇ ಕ್ಲಿಯರ್ ಗ್ಲಾಸ್ ಆಕ್ಸಿವ್ನಿ."

"ನಾನ್ ಬರೀ ನೋಡಕೆ ಇಲ್ ನಿಂತ್ಕೊತಿದ್ನೇನ್ಲಾ?" ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ಅವ್ಳು ನಾನೇ ಮುಚ್ಚುಸ್ಬುಟ್ಟೆ ಅಂದ್ಕೊಂಡವ್ಳೆ ಕಣಮ್ಮಿ" ಅಂದಳು.

ಗಾಜು ತೆಗೆಸಿ ಹಳೆಯ ಕಿಟಕಿಯನ್ನೇ ಕೂರಿಸು ಎಂದು ಅಣ್ಣನ ಮೇಲೆ ಹರಿಹಾಯ್ದೆ. ಅವನು ಎಷ್ಟು ಗಂಭೀರವಾಗಿ ಉತ್ತರ ಕೊಟ್ಟ ಗೊತ್ತೇ?

"ಎಂಗಾದದಮ್ಮಿ? ಇನ್ ಯಾವ ಕಿಟ್ಕೀನೂ ಬದ್ಲಾಯ್ಸಲ್ಲ ಅಂತ ಸಾಹೇಬ್ರಿಗೆ ಬರ್ದು ಕೊಟ್ಟಿವ್ನಿ. ಕಾನೂನು ಕಣಮ್ಮಿ."

ಅಂದರೆ ಈಗ ಆ ಗಾಜೂ ಪರಂಪರೆ! ಹೊನ್ನೆ ಮರವನ್ನು ಕೀಳುವಾಗ ಬೋರ್ಡಿಗೆ ಎಮ್ಮೆ ಕಟ್ಟಿದವನಿಗೆ ಗಾಜು ತೆಗೆ ಅಂದ ಕೂಡಲೇ ಕಾನೂನು ನೆನಪಾಯಿತು. ಅಪ್ಪನ ಆಣೆ ಒಂದು ಕಡೆ, ಸಾಹೇಬರ ಆಣೆ ಇನ್ನೊಂದು ಕಡೆ. ನಮ್ಮಣ್ಣನಂಥ ನಿಷ್ಠಾವಂತ ಎಲ್ಲಿ ಸಿಗುತ್ತಾನೆ?

ಹಳೆಯ ಕಿಟಕಿ ಎಲ್ಲಿ ಅಂತ ಕೇಳಿದೆ. ಕಾಡಂಚಿನ ಯಾವುದೋ ರೆಸಾರ್ಟಿನವನು ಬಂದು ತೆಗೆದುಕೊಂಡು ಹೋಗಿದ್ದನಂತೆ. ಅಣ್ಣ ಮೊಬೈಲಿನಲ್ಲಿ ಫೋಟೊ ತೋರಿಸಿದ, ಹೆಮ್ಮೆಯಿಂದ. ಪಾಲಿಶ್ ಹೊಡೆದು, ಗೋಡೆಗೆ ನೇತುಹಾಕಿ, ಹಿಂದೆ ಕನ್ನಡಿ ಇಟ್ಟಿದ್ದಾರೆ. ಕಿತ್ತುಹೋದ ಸರಳಿನ ಜಾಗಕ್ಕೆ ಹೊಸ ಸರಳು ಹಾಕಿಸಿದ್ದಾರೆ. ಅವ್ವ ಅಷ್ಟು ವರ್ಷ ನೆಪ ಹೇಳಿ ಉಳಿಸಿಕೊಂಡಿದ್ದ ಆ ಜಾಗ ತುಂಬಿಹೋಗಿತ್ತು. ಅಲ್ಲಿಗೆ ಬರುವವರು ಅದರೊಳಗೆ ಇಣುಕಿ ತಮ್ಮ ಮುಖವನ್ನೇ ನೋಡಿಕೊಳ್ಳುತ್ತಾರೆ. ನಾನು ಆ ಫೋಟೊವನ್ನು ಅವ್ವನಿಗೆ ತೋರಿಸಲಿಲ್ಲ.

ಇನ್ನೊಂದು ಅನಾಹುತವೂ ಆಗಿತ್ತು. ಅಡುಗೆಮನೆ ಒಡೆದ ಗಲಾಟೆಯಲ್ಲಿ ಮೊಸರಿನ ಕುಡಿಕೆ ಎಲ್ಲೋ ಮೂಲೆಗೆ ಸೇರಿ, ಹುಳಿತು, ಬೂಜು ಹಿಡಿದು, ಕೊನೆಗೆ ಯಾರೋ ತೊಳೆದು ಮಗುಚಿ ಹಾಕಿದ್ದರು. ಮನೆಯಲ್ಲಿದ್ದದ್ದು ಅಂಗಡಿಯ ಪಾಕೆಟ್ ಮೊಸರು. ನಮ್ಮ ಮನೆಯ ಹೆಪ್ಪು ಸತ್ತುಹೋಗಿತ್ತು. ಅವ್ವ ಆ ಪಾಕೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟಳು. ರಾತ್ರಿ ಹಾಲನ್ನು ಹಾಗೇ ಬಿಟ್ಟಳು, ಹೆಪ್ಪು ಹಾಕಲಿಲ್ಲ. ಬೆಳಗ್ಗೆ ಅನ್ನಕ್ಕೆ ಮಜ್ಜಿಗೆಯೂ ಇಲ್ಲದೆ ಬರೀ ಸಾರಲ್ಲಿ ತಿಂದು ಎದ್ದಳು.

ನಾನು ಚಿಕ್ಕವ್ವನ ಮನೆಗೆ ಹೊರಟೆ. ಕೊಟ್ಟ ಹೆಣ್ಣು ಗಂಡನ ಮನೆಯವಳು, ಅಪ್ಪನ ಆಣೆ ನನಗೆ ತಟ್ಟುವುದಿಲ್ಲ. ಹೆಣ್ಣುಮಕ್ಕಳನ್ನು ಲೆಕ್ಕಕ್ಕೇ ಹಿಡಿಯದ ಈ ವಂಶದಿಂದ ನನಗೆ ಆಗಿರುವ ಲಾಭ ಅದೊಂದೇ.

ಚಿಕ್ಕವ್ವ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನನ್ನನ್ನು ಕಂಡು ಚಾಪೆ ಕೊಡವಿ ಹಾಕಿದಳು, ಮುಖ ಮಾತ್ರ ಎತ್ತಲಿಲ್ಲ.

"ಗಾಜ್ ಆಕುಸ್ಕೊಂಡ್ರಿ. ಸಂದಾಕದೆ ಬುಡು" ಅಂದಳು.

ಅವ್ವ ಊರಲ್ಲೇ ಇರಲಿಲ್ಲ, ನನ್ನ ಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು, ಇದೆಲ್ಲ ಅಣ್ಣನ ಘನಕಾರ್ಯ ಎಂದು ಬಿಡಿಸಿ ಹೇಳಿದೆ. ಸೌಟಲ್ಲಿ ಬಡಿದದ್ದನ್ನೂ ಹೇಳಿದೆ.

"ಕೇಳುಸ್ತು. ಯಾರೋ ಕೆಲಸ್ದೋರು ಅಂದ್ಕೊಂಡೆ" ಅಂದಳು. ಅದು ಸುಳ್ಳು ಎಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಿತ್ತು.

"ನಮ್ಮನೆ ಹೆಪ್ಪೂ ಹೋಯ್ತು ಚಿಕ್ಕವ್ವ. ಅವ್ವ ಪಾಕೆಟ್ ಮೊಸರು ಮುಟ್ಟಲ್ಲ."

ಅವಳ ಕೈ ನಿಂತಿತು. ಬಿಡಿಸಿದ ಕಾಳು ಮಡಿಲಲ್ಲೇ ಇತ್ತು.

"ಕೊಡು, ನಾನೇ ತಗೊಂಡು ಹೋಗ್ತೀನಿ" ಅಂದೆ.

"ನಿನ್ ಕೈಲಿ ಯಾಕ್ ಕೊಡ್ಲಿ? ನೀ ನಾಳೆ ಬಸ್ ಅತ್ತೋಳು" ಅಂದಳು. ನಾನು ಬರಿಗೈಯಲ್ಲಿ ವಾಪಸು ಬಂದೆ. ಅವ್ವ ನನ್ನ ಕೈ ನೋಡಿದಳು. ಮಧ್ಯಾಹ್ನವೆಲ್ಲ ಆ ಗಾಜಿನ ಕಡೆ ಬೆನ್ನು ಹಾಕಿಕೊಂಡೇ ಕೆಲಸ ಮಾಡಿದಳು.

ಸಂಜೆ ದೀಪ ಹಚ್ಚಿಯಾಗಿತ್ತು. ಅಣ್ಣ ನಡುಮನೆಯಲ್ಲಿ ಟಿ.ವಿ. ಮುಂದೆ ಕಾಲು ನೀಡಿಕೊಂಡು ಕೂತಿದ್ದ. ಹಾಲು ಕಾದು ಆರುತ್ತಿತ್ತು. ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ನೋಡಿದರೆ ಹೊಸಿಲಿನಿಂದಾಚೆ ಚಿಕ್ಕವ್ವ ನಿಂತಿದ್ದಾಳೆ. ತಲೆ ಮೇಲೆ ಸೆರಗು, ಕೈಯಲ್ಲಿ ಒಂದು ಸಣ್ಣ ಬಟ್ಟಲು, ಅದರ ಮೇಲೆ ತಟ್ಟೆ ಮುಚ್ಚಿದೆ. ಈ ಮನೆ ಭಾಗವಾದ ಮೇಲೆ ಅವಳು ಆ ಬಾಗಿಲ ಮುಂದೆ ನಿಂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಣ್ಣ ಕಾಲು ಮಡಚಿಕೊಂಡ. ಬನ್ನಿ ಅನ್ನಲು ಬಾಯಿ ಬರಲಿಲ್ಲ, ಹೋಗಿ ಅನ್ನುವ ಧೈರ್ಯವೂ ಇರಲಿಲ್ಲ.

ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. ಹೊಸಿಲಿನಿಂದೀಚೆ ನಿಂತಳು. ಇಬ್ಬರ ನಡುವೆ ಅರಿಸಿನ ಕುಂಕುಮ ಹಚ್ಚಿದ ಆ ಮರದ ತುಂಡು. ಅವ್ವ ಮೊದಲ ಸಲ ಹೊಸ ಕಣ್ಣಲ್ಲಿ ತನ್ನ ಓರಗಿತ್ತಿಯನ್ನು ಅಷ್ಟು ಹತ್ತಿರದಿಂದ ನೋಡಿದಳು. "ಎಷ್ಟ್ ನರೆತೋಗಿದ್ದೀಯಮ್ಮಿ" ಅಂದಳು.

ಚಿಕ್ಕವ್ವ ಬಟ್ಟಲು ಮುಂದೆ ಚಾಚಿದಳು. ಅವ್ವ ಕೈ ನೀಡಲು ಹೋಗಿ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಕಣಮ್ಮಿ. ದೀಪ ಅಚ್ಚಾಗದೆ. ಇದು ಕಿಟ್ಕಿ ಅಲ್ಲ, ಹೊಸ್ಲು. ದಾಟುದ್ರೆ ನಿನ್ ಮನೆ ಲಕ್ಷ್ಮಿ ಓಗ್ಬುಡ್ತಾಳೆ."

ಚಿಕ್ಕವ್ವ ಚಾಚಿದ ಕೈ ತೆಗೆಯಲಿಲ್ಲ.

"ಓದ್ರೆ ಎಲ್ಗೋದಾಳಕ್ಕ?" ಅಂದಳು. "ನಿನ್ ಮನೆಗೆ ತಾನೆ?"

ಅವ್ವ ಎರಡು ಕೈಯಲ್ಲೂ ಬಟ್ಟಲು ಈಸಿಕೊಂಡಳು. ನಮ್ಮಣ್ಣ ಟಿ.ವಿ.ಯ ಸದ್ದನ್ನು ಇನ್ನಷ್ಟು ಜೋರು ಮಾಡಿದ.